ಚಹರೆ ಪಟ್ಟಿ

ಮೊದಲು ಹೋದವಳು ಆಯ್ಸುಲು.
ಹಾಸಿಗೆಯ ಮೇಲೆ ಎರಡು ಅಂಗೈಯಗಲ ಒದ್ದೆ,
ಬಾಗಿಲಾಚೆ ಅವಳ ಚಪ್ಪಲಿ, ಚಪ್ಪಲಿಯೊಳಗೆ ನೀರು.
ನೀರೆಂದರೆ ನಮ್ಮೂರಲ್ಲಿ ವಾರಕ್ಕೊಮ್ಮೆ ಟ್ಯಾಂಕರಿನಲ್ಲಿ ಬರುವುದು,
ಮನೆಗಿಷ್ಟು ಬಕೆಟ್ಟೆಂದು ಎಣಿಸಿ ಕೊಡುವುದು.
ಯಾರು ಸುರಿದಾರು ಅದನ್ನು ಚಪ್ಪಲಿಗೆ?

ಆಮೇಲೆ ಪೆರ್ದೆಬಾಯ್. ಆಮೇಲೆ ಅವಳಿ ಹುಡುಗಿಯರು,
ಒಂದೇ ರಾತ್ರಿ, ಒಂದೇ ಕಂಬಳಿಯಡಿಯಿಂದ.
ಐದು. ಆರು.
ಏಳನೆಯವನು ನನ್ನ ತಮ್ಮ ಜಲ್ಗಾಸ್, ಹನ್ನೊಂದು ವರ್ಷ,
ಗಣಿತದಲ್ಲಿ ದಡ್ಡ, ಒಂಟೆ ಓಡಿಸುವುದರಲ್ಲಿ ಚುರುಕು.

ಠಾಣೆಯ ಖೋಜಾಬೆಕ್ ಪೆನ್ಸಿಲು ಕಚ್ಚುತ್ತ ಹೇಳಿದ:
"ಕೆಲಸ ಹುಡುಕಿ ರಷ್ಯಾಕ್ಕೆ ಹೋಗಿರಬೇಕು."
ಹನ್ನೊಂದು ವರ್ಷದವ? ಬರಿಗಾಲಲ್ಲಿ?
"ಈ ಕಾಲದ ಹುಡುಗರು," ಎಂದ, ಚಹಾ ಸುರಿದುಕೊಂಡ.

ನಾನು ಪರಿದಾ. ಹದಿನಾರು ತುಂಬಲು ಇನ್ನಿಪ್ಪತ್ತು ದಿನ.
ಅಳುವುದನ್ನು ಅಮ್ಮನ ಪಾಲಿಗೆ ಬಿಟ್ಟು
ನೋಟುಬುಕ್ಕಿನಲ್ಲಿ ಗೆರೆ ಎಳೆದೆ:
ಯಾರು, ಯಾವತ್ತು, ಕೊನೆಗೆ ಏನಂದರು.
ಮೊದಲೆರಡು ಕಾಲಂ ಬಾಯಿ ಬಿಡಲಿಲ್ಲ.
ಮೂರನೆಯದರಲ್ಲಿ ಆರೂ ಮನೆಯಲ್ಲಿ ಒಂದೇ ಮಾತು.
ಮಲಗುವ ಮುಂಚೆ ಮಗು ಕೇಳಿತ್ತಂತೆ:
"ಯಾರದು, ಕಿಟಕಿಯ ಹತ್ತಿರ ಉಸಿರು ಬಿಡುತ್ತಿರುವುದು?"

ಹೆಜ್ಜೆ ಹಿಡಿದು ಹೋದೆ. ಒದ್ದೆ ಹೆಜ್ಜೆ ಮರಳಲ್ಲಿ ಒಣಗಿ ಉಪ್ಪಾಗುತ್ತದೆ,
ಹಿಟ್ಟು ತುಳಿದ ಮಗು ಹಜಾರ ದಾಟಿದ ಹಾಗೆ.
ಮುಚ್ಚಿದ ಮೀನಿನ ಕಾರ್ಖಾನೆ, ಅದರಾಚೆ ದಿಬ್ಬ,
ದಿಬ್ಬದ ಕೆಳಗೆ ಮರಳಲ್ಲಿ ಓರೆಯಾಗಿ ಮಲಗಿದ ಹಡಗು.
ಅದರ ನೆರಳಲ್ಲಿ ಹಸುಗಳು ಮೆಲುಕು ಹಾಕುತ್ತವೆ.
ಅಲ್ಲಿಗೆ ಹೆಜ್ಜೆ ಮುಗಿಯಿತು. ತಿರುಗಿ ಬಂದ ಹೆಜ್ಜೆ ಇರಲಿಲ್ಲ.
ಹಡಗಿನ ಹೊಟ್ಟೆಗೆ ಕಿವಿಯಿಟ್ಟೆ, ಕಿವಿ ಸುಟ್ಟಿತು:
ಬಿಸಿಲಿಗೆ ಕಾದ ಕಬ್ಬಿಣ, ಕಬ್ಬಿಣದೊಳಗೆ ಅಲೆ,
ಅಲೆಯೊಳಗೆ ಯಾರೋ ಕಿಸಕ್ಕನೆ ನಕ್ಕದ್ದು.

ರಾತ್ರಿ ಅಜ್ಜಿಯನ್ನು ಕೇಳಿದೆ. ಬಿಬಿಗುಲ್ ಅಜ್ಜಿ ಆ ಕಾರ್ಖಾನೆಯಲ್ಲಿ
ಮೀನಿನ ಡಬ್ಬಿಗೆ ಮುಚ್ಚಳ ಒತ್ತುತ್ತಿದ್ದವಳು.
"ಕಡಲು ಯಾವತ್ತು ಹೋಯಿತಜ್ಜಿ?"
"ಯಾವತ್ತೂಂತ ಹೇಳಲಿ. ದಿನಾ ನಾಲ್ಕು ಹೆಜ್ಜೆ ಹಿಂದೆ ಸರಿಯಿತು.
ನಾಳೆ ಬಂದೀತು ಅಂದುಕೊಂಡೆವು."
"ಯಾರೂ ಹುಡುಕಲಿಲ್ಲವಾ?"
ಅಜ್ಜಿ ರೊಟ್ಟಿಯ ಅಂಚು ಮುರಿದಳು, ತಿನ್ನಲಿಲ್ಲ.
"ಒಂದು ದೂರು ಕೂಡ ಕೊಡಲಿಲ್ಲ ಮಗಾ."

ಬೆಳಗ್ಗೆ ಠಾಣೆಯ ಬೀಗ ತೆಗೆಯುವ ಮುಂಚೆ ಮೆಟ್ಟಿಲ ಮೇಲೆ ನಾನು.
ಕಾಣೆಯಾದವರ ಅರ್ಜಿ, ಮೂರು ಪ್ರತಿ.
ಹೆಸರು: ಅರಾಲ್. ಮನೆಯಲ್ಲಿ ಕರೆಯುವುದು, ಕಡಲು.
ವಯಸ್ಸು: ಅಜ್ಜಿಗೂ ತಿಳಿಯದು.
ಚಹರೆ: ಗಾಳಿ ಬಂದರೆ ಮುಖ ಸುಕ್ಕುಗಟ್ಟುತ್ತದೆ.
ತೊಟ್ಟ ಬಟ್ಟೆ: ನೀಲಿ.
ಕೊನೆಗೆ ಕಂಡದ್ದು: ಕಾರ್ಖಾನೆಯ ಹಿತ್ತಿಲಲ್ಲಿ, ಬೆನ್ನು ತಿರುಗಿಸಿ.
ಯಾರ ಮೇಲಾದರೂ ಅನುಮಾನವಿದೆಯೇ?
ಜಾಗ ಸಾಲದೆ ಹಾಳೆ ಮಗುಚಿ ಬರೆದೆ:
ಹತ್ತಿಯ ಹೊಲ, ಕಾಲುವೆ, ಹೊಲ, ಕಾಲುವೆ, ಹೊಲ.
ಖೋಜಾಬೆಕ್ ನಗಲು ಬಾಯಿ ತೆರೆದ.
ಅವನಪ್ಪನೂ ಬಲೆ ಬೀಸಿದವನೇ.
ಮುದ್ರೆ ಒತ್ತಿದ.

ಮಾರನೆಯ ದಿನ ಜಲ್ಗಾಸ್ ಹೊಸಿಲ ಮೇಲೆ ಕೂತಿದ್ದ,
ಮೊಣಕಾಲ ತನಕ ಒದ್ದೆ, ಹಸಿವು ಹಸಿವು ಅನ್ನುತ್ತ.
ಎಲ್ಲಿದ್ದೆ ಅಂದರೆ ಭುಜ ಕುಣಿಸುತ್ತಾನೆ.
ಅವನು ನಿದ್ದೆ ಹೋದಾಗ ಎದೆಗೆ ಕಿವಿಯಿಡುತ್ತೇನೆ.
ಒಂದಲೆ. ಇನ್ನೊಂದಲೆ.

ಒಂದು ದೂರಿಗೆ ಒಬ್ಬರು. ಲೆಕ್ಕ ಸಿಕ್ಕಿತು.
ಹಾಗಾದರೆ ಇನ್ನೇನೇನು ಹೋಯಿತು, ಸದ್ದಿಲ್ಲದೆ?
ಅಜ್ಜಿ ಬೆರಳು ಮಡಿಚುತ್ತಾಳೆ:
ಗಡ್ಡದ ಮೀನು. ಜೊಂಡು. ಜೊಂಡಿನೊಳಗಿದ್ದ ಹುಲಿ.
ಶುಕ್ರವಾರದ ಲಾಂಚು. ಕೊಕ್ಕಿಗೆ ಚೀಲ ಕಟ್ಟಿಕೊಂಡ ಹಕ್ಕಿ.
ಆರನೆಯ ಬೆರಳು ಮಡಿಯುವುದಿಲ್ಲ.
ಐದು ಅರ್ಜಿ ತುಂಬಿಟ್ಟಿದ್ದೇನೆ.
ಖಾಲಿ ಉಳಿದದ್ದು ಆಯ್ಸುಲುವಿನದು.

ನೆನಪು ಮಾಡಿಕೋ ಅಜ್ಜಿ, ಅನ್ನುತ್ತೇನೆ,
ಅವಳ ಬಟ್ಟಲಿಗೆ ಮತ್ತೆ ಚಹಾ ಬಗ್ಗಿಸುತ್ತೇನೆ.
ಕಿಟಕಿಯ ಹತ್ತಿರ ಯಾರೋ ಉಸಿರು ಬಿಡುತ್ತಾರೆ,
ಅವಸರವಿಲ್ಲದೆ.